ನೀರು ಬೆಚ್ಚಗಾದರೆ ಗಾಳ ಮಡಚಬೇಕು

ಜುಲೈನಲ್ಲಿ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯೋಕೆ ಹೊರಡುವವರು ಗಾಳಕ್ಕಿಂತ ಮೊದಲು ಥರ್ಮಾಮೀಟರ್ ಜೇಬಿಗೆ ಹಾಕಿಕೊಳ್ಳಬೇಕು. ಜ್ವರ ನೋಡುವುದಲ್ಲ, ಹೊಳೆಯ ನೀರಿನ ಬಿಸಿ ಅಳೆಯುವುದು. ಬೆರಳುದ್ದದ ಲೋಹದ ಕೊಳವೆ, ಒಳಗೆ ಗಾಜಿನ ಕಡ್ಡಿ, ತಲೆಗೊಂದು ದಾರ. ದಾರ ಹಿಡಿದು ಹರಿಯುವ ನೀರಿಗೆ ಇಳಿಬಿಟ್ಟು ಒಂದೆರಡು ನಿಮಿಷ ಕಾಯಬೇಕು. 18 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಖುಷಿಯಾಗಿ ಗಾಳ ಹಾಕಬಹುದು. 19 ಆದರೆ ಹುಷಾರು. 20 ದಾಟಿದರೆ ಗಾಳ ಮಡಚಿ ಮನೆಗೆ ಹೋಗಬೇಕು. ಇಲ್ಲಿ ಅಮೆರಿಕದವರು ಫ್ಯಾರನ್‌ಹೀಟ್ ಜನ, 68 ಅನ್ನುತ್ತಾರೆ. ಗೆರೆ ಅದೇ.

ಇದು ಕಾನೂನೇನಲ್ಲ. ದಾಟಿದರೆ ಯಾರೂ ದಂಡ ಹಾಕುವುದಿಲ್ಲ. ಆದರೆ ಟ್ರೌಟ್‌ನ ಮೈ ಹಾಗಿದೆ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ, ಬೆಚ್ಚಗಿನ ನೀರಿನಲ್ಲಿ ಕಮ್ಮಿ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 20 ಡಿಗ್ರಿಯ ನೀರು 9 ಮಿಲಿಗ್ರಾಂ ಅಷ್ಟೇ. ನೀರು ಬೆಚ್ಚಗಾದ ಹಾಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತಾ ಹೋಗುತ್ತದೆ. ಸಂಬಳ ಇಳಿಯುತ್ತಿರುವಾಗಲೇ ಖರ್ಚು ಏರಿದ ಸಂಸಾರ ಅದು. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ನಾಲ್ಕು ನಿಮಿಷ ಒದ್ದಾಡಿದ ಮೀನನ್ನು ಎಷ್ಟೇ ಮೆತ್ತಗೆ ನೀರಿಗೆ ಬಿಟ್ಟರೂ ಪ್ರಯೋಜನವಿಲ್ಲ. ಕಣ್ಣೆದುರು ಈಜಿ ಹೋಗುತ್ತದೆ. ಆಮೇಲೆ ಎಲ್ಲೋ ಕಲ್ಲಿನ ಸಂದಿಯಲ್ಲಿ ಸತ್ತಿರುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ನಾನಿರುವುದು ಪೆನ್ಸಿಲ್ವೇನಿಯಾದ ನಡುಮಧ್ಯೆ, ಸ್ಟೇಟ್ ಕಾಲೇಜ್ ಅನ್ನುವ ಊರಿನಲ್ಲಿ. ಯೂನಿವರ್ಸಿಟಿಯಿಂದ ಬದುಕುವ ಊರು. ಪ್ರತಿ ಆಗಸ್ಟ್‌ಗೆ ಕನ್ನಡ ಮಾತಾಡುವ ಹುಡುಗ ಹುಡುಗಿಯರು ಹೊಸದಾಗಿ ಬಂದು ಇಳಿಯುತ್ತಾರೆ. ಈ ಯೂನಿವರ್ಸಿಟಿಯಲ್ಲಿ ಗಾಳ ಹಾಕುವುದನ್ನೂ ಪಾಠ ಮಾಡುತ್ತಾರೆ. ಜಾರ್ಜ್ ಹಾರ್ವಿ ಅನ್ನುವ ಮೇಷ್ಟ್ರು 1947ರಲ್ಲಿ ಅದನ್ನು ಪದವಿಗೆ ಲೆಕ್ಕವಾಗುವ ಕೋರ್ಸೇ ಮಾಡಿಬಿಟ್ಟರು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ನಮ್ಮಪ್ಪನಿಗೆ ಹೇಳಿದಾಗ, "ಫೀಸು ಕಟ್ಟಿ ಗಾಳ ಹಾಕೋದು ಕಲೀತಾರೇನೋ?" ಅಂತ ಬಿದ್ದೂ ಬಿದ್ದೂ ನಕ್ಕಿದ್ದರು. ತೀರ್ಥಹಳ್ಳಿ ಕಡೆಯವರಿಗೆ ನಗು ಬರುವುದು ಸಹಜ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನು ಹಿಡಿಯೋಕೆ ನಮಗೆ ಯಾರೂ ಪಾಠ ಮಾಡಿರಲಿಲ್ಲ. ಹರಿವಿಗೆ ಅಡ್ಡ ಕೂಣಿ ಇಟ್ಟು ಬಂದು ಮಲಗಿದರೆ ಬೆಳಗ್ಗೆ ಸಾರಿಗೆ ಆಗುವಷ್ಟು ಸಿಗುತ್ತಿತ್ತು.

ಇಲ್ಲಿನ ನೆಲದ ರಚನೆ ಒಂಚೂರು ವಿಶೇಷ. ಉದ್ದುದ್ದ ಬೆಟ್ಟದ ಸಾಲುಗಳು, ನಡುನಡುವೆ ಉದ್ದುದ್ದ ಕಣಿವೆಗಳು. ಬೆಟ್ಟಗಳು ಮರಳುಗಲ್ಲು, ಕಣಿವೆಗಳು ಸುಣ್ಣಕಲ್ಲು. ಬೆಟ್ಟದ ಮೇಲೆ ಬಿದ್ದ ಮಳೆ ಇಳಿದು ಬಂದು ಕಣಿವೆಯ ಸುಣ್ಣಕಲ್ಲಿನ ಬಿರುಕು, ಗುಂಡಿಗಳಲ್ಲಿ ಮಾಯವಾಗುತ್ತದೆ. ನೆಲದಡಿಯಲ್ಲೇ ಓಡಾಡಿಕೊಂಡಿದ್ದು ಎಲ್ಲೋ ದೂರದಲ್ಲಿ ಬುಗ್ಗೆಯಾಗಿ ಹೊರಗೆ ಬರುತ್ತದೆ. ಹಾಗೆ ಬಂದ ನೀರು ಜನವರಿಯಲ್ಲೂ 10-11 ಡಿಗ್ರಿ, ಜುಲೈಯಲ್ಲೂ 10-11 ಡಿಗ್ರಿ. ಹೊರಗೆ 32 ಡಿಗ್ರಿ ಬಿಸಿಲು ಸುಡುತ್ತಿರುವಾಗ ಬುಗ್ಗೆಯ ಬಾಯಲ್ಲಿ ಕಾಲಿಟ್ಟರೆ ಪಾದ ಮರಗಟ್ಟುತ್ತದೆ. ನಮ್ಮೂರ ಪಕ್ಕದ ಸ್ಪ್ರಿಂಗ್ ಕ್ರೀಕ್ ಇಂಥ ಬುಗ್ಗೆಗಳಿಂದಲೇ ತುಂಬಿಕೊಂಡ ಹೊಳೆ. ಅಗಲ ಬೇಸಿಗೆಯ ನಮ್ಮ ಹಳ್ಳದಷ್ಟೇ. ಆದರೆ ಬೇಸಿಗೆಯಿಡೀ ಅದರಲ್ಲಿ ಟ್ರೌಟ್ ಬದುಕಲು ಈ ಬುಗ್ಗೆಗಳೇ ಕಾರಣ.

ಈ ಸಲ ನನ್ನ ಜೊತೆ ಬಂದವನು ಮಳವಳ್ಳಿ ಕಡೆಯ ಹುಡುಗ, ಎರಡನೇ ವರ್ಷದ ಎಂ.ಎಸ್. ವಿದ್ಯಾರ್ಥಿ. ಕಾವೇರಿ ದಡದಲ್ಲಿ ಬೆಳೆದವನು. ಊರಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿ ಅಭ್ಯಾಸ. ಇಲ್ಲಿ 16 ವರ್ಷ ದಾಟಿದವರಿಗೆ ಮೀನು ಹಿಡಿಯೋಕೆ ಲೈಸೆನ್ಸ್ ಬೇಕು, ಟ್ರೌಟ್‌ಗೆ ಅದರ ಮೇಲೆ ಇನ್ನೊಂದು ಪರ್ಮಿಟ್. ಎರಡಕ್ಕೂ ದುಡ್ಡು ಕಟ್ಟಿ, "ಅಣ್ಣ, ಈ ದುಡ್ಡಿಗೆ ಅಂಗಡೀಲಿ ಎರಡು ಕೆಜಿ ಮೀನು ಬರ್ತಿತ್ತಲ್ಲ" ಅಂದ. ಲೆಕ್ಕದಲ್ಲಿ ಅವನು ಸರಿಯೇ.

ಬೆಳಗ್ಗೆ ಆರಕ್ಕೆ ಮೊದಲೇ ಫಿಶರ್‌ಮನ್ಸ್ ಪ್ಯಾರಡೈಸ್ ಅನ್ನುವ ಜಾಗದಲ್ಲಿದ್ದೆವು. ಸ್ಪ್ರಿಂಗ್ ಕ್ರೀಕ್‌ನ ಈ ತುಂಡನ್ನು ರಾಜ್ಯ ಸರ್ಕಾರ 1934ರಲ್ಲಿ ಗಾಳದವರಿಗಾಗಿಯೇ ತೆರೆಯಿತು. ಇಲ್ಲಿ ನೀರಿಗೆ ಇಳಿಯುವಂತಿಲ್ಲ, ದಡದಿಂದಲೇ ಹಾಕಬೇಕು. ಹುಳ ಸಿಕ್ಕಿಸುವಂತಿಲ್ಲ, ಫ್ಲೈ ಮಾತ್ರ. ಫ್ಲೈ ಅಂದರೆ ಕೊಕ್ಕೆಗೆ ದಾರ, ಗರಿ, ಕೂದಲು ಸುತ್ತಿ ಮಾಡಿದ ಸುಳ್ಳು ಹುಳ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳಿರುತ್ತದಲ್ಲ, ಅದೂ ಇರಬಾರದು. ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದರೂ ನಡೆಯುತ್ತದೆ. ಮೀನಿಗೆ ಒಂದು ಸಲ ದಾರ ಸಡಿಲ ಸಿಕ್ಕರೆ ತಪ್ಪಿಸಿಕೊಂಡಿತು ಅಂತಲೇ ಲೆಕ್ಕ.

ನೀರು 14 ಡಿಗ್ರಿ. ಮೇಲೆ ತೆಳ್ಳಗೆ ಮಂಜು. ದಡದಲ್ಲಿ ಆಗಲೇ ಮೂರ್ನಾಲ್ಕು ಜನ ಇದ್ದರು, ಎಲ್ಲರೂ ಕುತ್ತಿಗೆ ಎತ್ತಿ ನೀರಿನ ಮೇಲಿನ ಗಾಳಿಯನ್ನೇ ನೋಡುತ್ತಿದ್ದರು. ಹುಡುಗ ನನ್ನ ಕಡೆ ನೋಡಿದ. ಮೀನು ಹಿಡಿಯೋಕೆ ಬಂದವರು ಆಕಾಶ ನೋಡುವುದು ಅವನಿಗೆ ವಿಚಿತ್ರ.

ಅವರು ಕಾಯುತ್ತಿದ್ದದ್ದು ಟ್ರೈಕೋಗಾಗಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಹೊತ್ತು ಹೊಳೆಯಿಂದ ಏಳುವ ಹುಳ ಇದು. ಮೈ ಉದ್ದ ಮೂರ್ನಾಲ್ಕು ಮಿಲಿಮೀಟರ್, ಸಾಸಿವೆಗಿಂತ ಚೂರು ದೊಡ್ಡದು. ಮರಿಯಾಗಿ ತಿಂಗಳುಗಟ್ಟಲೆ ನೀರಿನ ತಳದ ಪಾಚಿ, ಕೆಸರಿನಲ್ಲಿದ್ದು, ರೆಕ್ಕೆ ಬಂದ ಮೇಲೆ ಕೆಲವೇ ಗಂಟೆ ಬದುಕುತ್ತದೆ. ಗಂಡು ಹುಳಗಳು ರಾತ್ರಿಯೇ ನೀರು ಬಿಟ್ಟು ಏಳುತ್ತವೆ, ಹೆಣ್ಣುಗಳು ಬೆಳಗಿನ ಜಾವ. ಮೇಲೆದ್ದ ಮೇಲೆ ಇನ್ನೊಮ್ಮೆ ಪೊರೆ ಕಳಚಿ, ಹರಿವಿನ ಮೇಲೆ ಒಟ್ಟಾಗಿ ಹಾರಾಡಿ ಕೂಡುತ್ತವೆ. ಹೆಣ್ಣು ಮೊಟ್ಟೆ ಇಟ್ಟು ರೆಕ್ಕೆ ಬಿಚ್ಚಿಕೊಂಡು ನೀರಿನ ಮೇಲೆ ಬೀಳುತ್ತದೆ. ಎಲ್ಲ ಮುಗಿಯಿತು.

ಏಳೂವರೆ ಹೊತ್ತಿಗೆ ಬಿಸಿಲು ಮರದ ತುದಿಗೆ ತಾಗಿತು. ನೀರಿನಿಂದ ಎರಡಾಳೆತ್ತರದಲ್ಲಿ ಹೊಗೆಯಂಥದ್ದು ಕಂಡಿತು. ಮೊದಲು ನಿಂತಲ್ಲೇ ನಿಂತಿತ್ತು. ಆಮೇಲೆ ಮೇಲೆ ಕೆಳಗೆ ಆಡತೊಡಗಿತು. ಬಿಸಿಲು ಬಿದ್ದ ಕಡೆ ಸಾವಿರಾರು ರೆಕ್ಕೆಗಳು ಮಿಂಚುತ್ತಿದ್ದವು. ಗಾಳಿ ಬೆಚ್ಚಗಾದ ಹಾಗೆ ಆ ಗುಂಪು ಸ್ವಲ್ಪ ಸ್ವಲ್ಪವೇ ಕೆಳಗಿಳಿದು, ಒಂಬತ್ತಕ್ಕೆ ಮೊದಲು ನೀರಿನ ಮೇಲೆ ಉದುರಿತು. ಆಗ ಹೊಳೆಯ ಚಹರೆಯೇ ಬದಲಾಯಿತು. ಮೀನೇ ಇಲ್ಲ ಅಂದುಕೊಂಡಿದ್ದ ಜಾಗದಲ್ಲೆಲ್ಲ ಮೂತಿಗಳು. ನೆಗೆಯುವುದಿಲ್ಲ, ಸದ್ದಿಲ್ಲ. ನೀರಿನ ಮೇಲ್ಮೈಗೆ ತಾಗಿದ ಹಾಗೆ ಕೆಳಗೇ ನಿಂತು, ಬಾಯಿ ಮಾತ್ರ ಮೇಲೆತ್ತಿ, ಹೀರಿಕೊಂಡು, ಮತ್ತೆ ಇಳಿಯುವುದು. ಇಷ್ಟು ಸಣ್ಣ ಹುಳಕ್ಕೆ ಓಡಾಡಿದರೆ ಮೀನಿಗೆ ಗಿಟ್ಟುವುದಿಲ್ಲ. ಹಾಗಾಗಿ ಹರಿವು ತಾನೇ ತಂದು ಬಾಯಿಗೆ ಹಾಕುವ ಜಾಗ ನೋಡಿಕೊಂಡು ನಿಲ್ಲುತ್ತದೆ.

ನಮ್ಮ ಸುಳ್ಳು ಹುಳವೂ ಅಷ್ಟೇ ಸಣ್ಣದಿರಬೇಕು. 24ನೇ ನಂಬರ್ ಕೊಕ್ಕೆ. ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದು ದಾರ ಪೋಣಿಸಬೇಕು. ಆ ದಾರದ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಭಾಗ. ಸುಮಾರು ಹೊತ್ತು ಒಂದೂ ನನ್ನದನ್ನು ಮುಟ್ಟಲಿಲ್ಲ. ನೀರಿನ ಮೇಲೆ ಸಾವಿರ ನಿಜವಾದ ಹುಳ ಇರುವಾಗ ಸುಳ್ಳು ಹುಳವೇ ಯಾಕೆ ಬೇಕು, ಅಲ್ವಾ? ಮೀನಿನ ತಾಳಕ್ಕೆ ಸರಿಯಾಗಿ, ಅದು ಬಾಯಿ ತೆರೆಯುವ ಹೊತ್ತಿಗೆ ನಮ್ಮದು ಅದರ ಮೂತಿಯ ಮೇಲಿರಬೇಕು. ಕೊನೆಗೆ ಎದುರು ದಡದ ಬೇರಿನ ಪಕ್ಕದಲ್ಲಿದ್ದ ಒಂದು ಮೀನು ಹೀರಿತು. ಗಾಳದ ಕೋಲು ಬಾಗಿತು.

ಬ್ರೌನ್ ಟ್ರೌಟ್. ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದ. ಬಲೆಯಲ್ಲಿ ನೀರೊಳಗೇ ಇಟ್ಟುಕೊಂಡು ಹುಡುಗನಿಗೆ ತೋರಿಸಿದೆ. ಬೆನ್ನು ಹೊಳೆಯ ತಳದ ಬಣ್ಣ, ಹೊಟ್ಟೆ ಬೆಣ್ಣೆಯ ಹಳದಿ, ಪಕ್ಕೆಯಲ್ಲಿ ಕಪ್ಪು ಚುಕ್ಕಿ, ನಡುವೆ ಅಲ್ಲೊಂದು ಇಲ್ಲೊಂದು ಕೆಂಪು. ಒಣಗಿದ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ಹತ್ತುತ್ತದೆ, ಅದಕ್ಕೆ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಮೇಲ್ದುಟಿಯ ಮೂಲೆಯಲ್ಲಿ ಸಿಕ್ಕಿದ್ದ ಕೊಕ್ಕೆ ಎರಡು ಬೆರಳಲ್ಲಿ ತಿರುಗಿಸಿದರೆ ಬಂತು. ಹರಿವಿಗೆ ಮುಖಮಾಡಿ ಬಲೆ ತಗ್ಗಿಸಿದೆ. ಕಿವಿರು ಎರಡು ಸಲ ಆಡಿತು, ಬಾಲ ಒಮ್ಮೆ ಬೀಸಿತು, ಹೋಯಿತು.

"ಅಣ್ಣ, ತಿನ್ನಂಗಿಲ್ಲ ಅಂದ್ಮೇಲೆ ಹಿಡಿಯೋದ್ಯಾಕೆ? ಸುಮ್ನೆ ಅದ್ಕೆ ಹಿಂಸೆ ಅಲ್ವಾ?"

ಎಲ್ಲರೂ ಕೇಳುವ ಪ್ರಶ್ನೆಯೇ. ನನ್ನ ಹೆಂಡತಿ ಕೇಳಿದ್ದಾಳೆ, ಅಮ್ಮ ಈಗಲೂ ಫೋನಲ್ಲಿ ಕೇಳುತ್ತಾರೆ. ಹಿಡಿದು ಬಿಡುವುದರಲ್ಲಿ ದೊಡ್ಡ ಕರುಣೆ ಇದೆ ಅಂತ ನಾನು ವಾದ ಮಾಡುವುದಿಲ್ಲ. ಇದು ಮೀನಿನ ಖರ್ಚಿನಲ್ಲಿ ನಮ್ಮ ಆಟ. ಹಸಿವಾಗಿ ಹಿಡಿದು ತಿನ್ನುವವನಿಗಿಂತ ನಾವು ಮೇಲಿನವರು ಅಂತ ಬೀಗುವ ಗಾಳದವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಈ ಹೊಳೆಯಲ್ಲಿ ಯಾಕೆ ತಿನ್ನುವಂತಿಲ್ಲ ಅನ್ನುವುದಕ್ಕೆ ಬೇರೆಯದೇ ಕಥೆ ಇದೆ. ಅದನ್ನು ಕೇಳಿದರೆ ಕರುಣೆಯ ಮಾತೇ ಬರುವುದಿಲ್ಲ.

ಹೊಳೆಯ ಮೇಲ್ಭಾಗದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಇತ್ತು. ಅಲ್ಲಿಂದ ಕೆಪೋನ್ ಮತ್ತು ಮಿರೆಕ್ಸ್ ಅನ್ನುವ ಎರಡು ಕೀಟನಾಶಕ ವಿಷಗಳು ನೆಲಕ್ಕೆ ಇಳಿದು ಹೊಳೆಗೆ ಸೇರಿದವು. ಸುಣ್ಣಕಲ್ಲಿನ ನೆಲ ತಣ್ಣೀರನ್ನು ಎಷ್ಟು ಸಲೀಸಾಗಿ ಹೊಳೆಗೆ ಮುಟ್ಟಿಸುತ್ತದೋ ವಿಷವನ್ನೂ ಅಷ್ಟೇ ಸಲೀಸಾಗಿ ಮುಟ್ಟಿಸುತ್ತದೆ. ಈ ವಿಷಗಳು ಬೇಗ ಕರಗಿ ಹೋಗುವಂಥವಲ್ಲ, ಮೀನಿನ ಕೊಬ್ಬಿನಲ್ಲಿ ಕೂರುತ್ತವೆ. 1982ರಲ್ಲಿ ಸ್ಪ್ರಿಂಗ್ ಕ್ರೀಕ್‌ನ ಮೀನನ್ನು ಮನೆಗೆ ಒಯ್ಯಬಾರದು ಅಂತ ನಿಯಮ ಬಂತು. ತಿನ್ನಲಾಗದ ಮೇಲೆ ಕೊಟ್ಟಿಗೆಯಲ್ಲಿ ಬೆಳೆಸಿದ ಟ್ರೌಟ್ ತಂದು ಬಿಡುವುದಾದರೂ ಯಾಕೆ? ಅದನ್ನೂ ನಿಲ್ಲಿಸಿದರು. ಸರ್ಕಾರದ ಮೀನು ಸಾಕುವ ಕೇಂದ್ರಗಳು ಇದೇ ಹೊಳೆಯ ದಡದಲ್ಲಿವೆ ಅನ್ನುವುದು ತಮಾಷೆ. ಲಾರಿಯಲ್ಲಿ ಮೀನು ತುಂಬಿಕೊಂಡು ಈ ಹೊಳೆಯನ್ನು ದಾಟಿ ಬೇರೆ ಹೊಳೆಗಳಿಗೆ ಹೋಗಿ ಸುರಿದು ಬರುತ್ತಾರೆ.

ಆಮೇಲೆ ಆದದ್ದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಬಾಣಲೆಗೆ ಹೋಗುವ ಮೀನು ಹೊಳೆಯಲ್ಲೇ ಉಳಿಯಿತು. ಹೊರಗಿನಿಂದ ಬಂದು ಜಾಗಕ್ಕೆ ಜಗಳವಾಡುವ ಸಾಕಿದ ಮೀನೂ ಇಲ್ಲ. ಕಾಡುಮೀನುಗಳು ತಾವೇ ಮೊಟ್ಟೆ ಇಟ್ಟು ಮರಿ ಮಾಡಿ ಹೊಳೆ ತುಂಬಿಕೊಂಡವು. ಇವತ್ತು ಪೆನ್ಸಿಲ್ವೇನಿಯಾದ ಒಳ್ಳೆಯ ಕಾಡು ಟ್ರೌಟ್ ಹೊಳೆಗಳ ಹೆಸರು ಹೇಳುವಾಗ ಸ್ಪ್ರಿಂಗ್ ಕ್ರೀಕ್ ಬಿಟ್ಟು ಹೇಳಲು ಬರುವುದಿಲ್ಲ. ವಿಷ ಹಾಕಿದವರಿಗೆ ಇದಕ್ಕೆ ಥ್ಯಾಂಕ್ಸ್ ಹೇಳೋಕಾಗುತ್ತಾ? ಆಗುವುದಿಲ್ಲ. ಆದರೆ ಜನ ಕೈ ತೆಗೆದರೆ ಸಾಕು, ಮಿಕ್ಕಿದ್ದನ್ನು ಹೊಳೆ ನೋಡಿಕೊಂಡಿತು ಅನ್ನುವುದು ಕಣ್ಣೆದುರಿಗಿದೆ. ಮನೆಗೆ ಒಯ್ಯಬಾರದು ಅನ್ನುವ ನಿಯಮ ಈಗಲೂ ಹಾಗೇ ಇದೆ.

ಹುಡುಗ ಕೇಳಿಸಿಕೊಂಡು, "ಶೃಂಗೇರಿ ಥರಾನಾ ಅಣ್ಣ?" ಅಂದ.

ಒಂದು ಲೆಕ್ಕಕ್ಕೆ ಹೌದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನು ದೇವರದ್ದು ಅಂತ ಯಾರೂ ಮುಟ್ಟುವುದಿಲ್ಲ. ಇಲ್ಲಿ ಮುಟ್ಟದಿರೋಕೆ ಕಾರಣ ವಿಷ. ಬೆಳಗಿನ ಮೀನುಬೇಟೆ ಮುಗಿಸಿ ಕೆಳಗಿನ ಬೆಲ್‌ಫಾಂಟ್ ಊರಿಗೆ ತಿಂಡಿಗೆ ಹೋದೆವು. ಅಲ್ಲಿ ಹೊಳೆ ಒಂದು ಪಾರ್ಕಿನ ಪಕ್ಕ ಹರಿಯುತ್ತದೆ. ಆ ಪಾರ್ಕಿನ ಉದ್ದಕ್ಕೂ ಗಾಳ ಹಾಕುವಂತಿಲ್ಲ. ಮಕ್ಕಳು ಸೇತುವೆಯ ಮೇಲೆ ನಿಂತು ಕಾಳು ಎಸೆಯುತ್ತಿದ್ದರು, ತೊಡೆಗಾತ್ರದ ಟ್ರೌಟ್‌ಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ಮಠದ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎಸೆದವರಿಗೆ ಆ ನೋಟ ಪೂರ್ತಿ ಪರಿಚಯದ್ದು. ದೇವರ ಮೀನಿಗೂ ಗ್ಯಾರಂಟಿ ಏನಿಲ್ಲ ಅಂತಲೂ ಸೇರಿಸಿದೆ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಮೀನುಗಳನ್ನು ಕೊಂದಿದ್ದರು.

ತಿಂಡಿ ಆದ ಮೇಲೆ ಪೆನ್ಸ್ ಕ್ರೀಕ್ ಕಡೆ ಹೊರಟೆವು. ಅದೂ ಸುಣ್ಣಕಲ್ಲಿನ ಹೊಳೆಯೇ. ಪೆನ್ಸ್ ಕೇವ್ ಅನ್ನುವ ಗುಹೆಯೊಳಗಿಂದಲೇ ಹುಟ್ಟುತ್ತದೆ, ಗುಹೆಯ ಒಳಗೆ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಅಲ್ಲಿ ಗ್ರೀನ್ ಡ್ರೇಕ್ ಅನ್ನುವ ದೊಡ್ಡ ಹುಳ ಏಳುತ್ತದೆ. ಆಗ ಕೋಬರ್ನ್ ಅನ್ನುವ ಸಣ್ಣ ಊರಿನಲ್ಲಿ ಜಾತ್ರೆ. ದೂರದೂರದ ರಾಜ್ಯಗಳ ನಂಬರ್ ಪ್ಲೇಟಿನ ಕಾರುಗಳು ರಸ್ತೆಯುದ್ದಕ್ಕೂ ನಿಂತಿರುತ್ತವೆ. ಜುಲೈಯಲ್ಲಿ ಒಬ್ಬರೂ ಇರುವುದಿಲ್ಲ. ಯಾಕೆ ಅಂತ ನೀರಿಗೆ ಥರ್ಮಾಮೀಟರ್ ಬಿಟ್ಟಾಗ ಹುಡುಗನಿಗೆ ಗೊತ್ತಾಯಿತು. ಕೋಬರ್ನ್‌ನಿಂದ ಕೆಳಗೆ ಹೊಳೆ ಅಗಲವಾಗಿ, ತೆಳ್ಳಗೆ, ಬಿಸಿಲಿಗೆ ಮೈಯೊಡ್ಡಿಕೊಂಡು ಹರಿಯುತ್ತದೆ. ಬುಗ್ಗೆಯ ತಣ್ಣೀರು ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಹನ್ನೊಂದು ಗಂಟೆಗೇ 22 ಡಿಗ್ರಿ.

ಸೇತುವೆಯ ಕೆಳಗೆ ಒಬ್ಬ ವಯಸ್ಸಾದವರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತಿರ ಗಾಳ ಇಲ್ಲ. ಈ ಹೊಳೆಯ ಮೇಲೆ ನಾನು ಆಗಾಗ ನೋಡುವ ಮುಖ, ಹಿಂದೆ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. "ಎಷ್ಟು ತೋರಿಸ್ತು?" ಅಂತ ಕೇಳಿದರು. ಹೇಳಿದೆ. ಪಕ್ಕದಿಂದ ಒಂದು ಸಣ್ಣ ತೊರೆ ಬಂದು ಸೇರುವ ಕಡೆ ಕೈ ತೋರಿಸಿದರು. ಅಲ್ಲಿ ನೀರು ಕಪ್ಪಗೆ ಕಾಣುತ್ತಿತ್ತು. ಕಣ್ಣು ಹೊಂದಿಸಿಕೊಂಡು ನೋಡಿದರೆ ಆ ಕಪ್ಪು ಮೀನಿನ ಬೆನ್ನುಗಳು. ಹದಿನೈದಿಪ್ಪತ್ತು ಟ್ರೌಟ್, ಕೆಲವು ನಾನು ಈ ಹೊಳೆಯಲ್ಲಿ ನೋಡಿದ್ದರಲ್ಲೇ ದೊಡ್ಡವು, ತೊರೆಯ ತಣ್ಣೀರು ಬಂದು ಬೀಳುವ ಒಂದು ಚಾಪೆಯಷ್ಟು ಜಾಗದಲ್ಲಿ ಒತ್ತೊತ್ತಾಗಿ ನಿಂತಿದ್ದವು. ಹುಳ ತೇಲಿ ಬಂದರೂ ತಲೆ ಎತ್ತುತ್ತಿರಲಿಲ್ಲ. ಸುಮ್ನೆ ಉಸಿರಾಡುತ್ತಿದ್ದವು.

ಹುಡುಗನ ಕೈ ಕೋಲಿನ ಕಡೆ ಹೋಯಿತು. ಅದು ತಪ್ಪಲ್ಲ. ಕಣ್ಣೆದುರು ಅಷ್ಟು ಮೀನು ಕಂಡರೆ ಯಾರ ಕೈಯೂ ಹೋಗುತ್ತದೆ. ಮೇಷ್ಟ್ರು ಏನೂ ಹೇಳಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವರು ಅಲ್ಲಿ ಬಂದು ಕೂರುವುದೇ ಆ ಮೀನುಗಳಿಗೆ ಯಾರಾದರೂ ಗಾಳ ಹಾಕಿದರೆ ಮಾತಾಡಿಸಿ ಕಳಿಸೋಕೆ. ಯಾರೂ ಅವರಿಗೆ ಆ ಕೆಲಸ ಕೊಟ್ಟಿಲ್ಲ. ಹಿಡಿದು ಬಿಡುವುದರ ಬಗ್ಗೆ ಪುಟಗಟ್ಟಲೆ ಬರೆಯುವವರಿಗಿಂತ ಅವರ ಕುರ್ಚಿಯ ಮೇಲೆ ನನಗೆ ಗೌರವ ಜಾಸ್ತಿ.

ಅಲ್ಲಿಂದ ಬೆಟ್ಟಕ್ಕೆ. ರಾಥ್‌ರಾಕ್ ಅನ್ನುವ ಸರ್ಕಾರಿ ಕಾಡು ಊರಿಗೆ ಹತ್ತಿರವೇ ಇದೆ. ಕಾರು ನಿಲ್ಲಿಸಿ ಒಂದು ತೊರೆಯ ಪಕ್ಕ ಮೇಲಕ್ಕೆ ನಡೆದೆವು. ಹೆಸರು ಬರೆಯುವುದಿಲ್ಲ, ಅಂಥ ತೊರೆಗಳಿಗೆ ನಾಲ್ಕು ಜನ ಜಾಸ್ತಿ ಬಂದರೂ ತಡೆಯುವುದಿಲ್ಲ. ಒಂದೇ ಹೆಜ್ಜೆಗೆ ದಾಟಬಹುದಾದಷ್ಟು ಅಗಲ. ಎರಡೂ ಕಡೆ ರೋಡೋಡೆಂಡ್ರನ್ ಪೊದೆ, ಮೇಲೆ ಹೆಮ್‌ಲಾಕ್ ಮರಗಳ ನೆರಳು. ಮಲೆನಾಡಿನ ಹಳ್ಳದ ದಾರಿಯಲ್ಲಿ ನಡೆದ ಕಾಲಿಗೆ ಅದು ಹೊಸ ಜಾಗ ಅನಿಸುವುದೇ ಇಲ್ಲ. ಉಂಬಳ ಇಲ್ಲ, ಅದೊಂದು ಸಮಾಧಾನ. ಉಣ್ಣಿ ಇವೆ, ಅದು ಬೇರೆ ಮಾತು.

ನೀರು 15 ಡಿಗ್ರಿ. ಇಲ್ಲಿ ತಂಪು ಬರುವುದು ಬುಗ್ಗೆಗಿಂತ ಜಾಸ್ತಿ ನೆರಳಿನಿಂದ. ಆ ನೆರಳು ಹೆಮ್‌ಲಾಕ್‌ನದು. ಅದು ಪೆನ್ಸಿಲ್ವೇನಿಯಾದ ರಾಜ್ಯಮರ. ಪೂರ್ವ ಏಷ್ಯಾದಿಂದ ಬಂದ ಒಂದು ಹೇನಿನಂಥ ಕೀಟ ಈಗ ಅದರ ರಸ ಹೀರಿ ಒಣಗಿಸುತ್ತಿದೆ. ಕೊಂಬೆ ತಿರುಗಿಸಿ ನೋಡಿದರೆ ಎಲೆಯ ಬುಡದಲ್ಲಿ ಹತ್ತಿಯ ಉಂಡೆಗಳ ಹಾಗೆ ಬೆಳ್ಳಗೆ ಅಂಟಿಕೊಂಡಿರುತ್ತದೆ. ಈ ತೊರೆಯ ಮೇಲೂ ಅಲ್ಲಲ್ಲಿ ಬೋಳು ಮರಗಳಿವೆ. ಮರ ಹೋದರೆ ಬಿಸಿಲು ಬೀಳುತ್ತದೆ, ನೀರು ಬಿಸಿಯಾಗುತ್ತದೆ, ಮೀನು ಹೋಗುತ್ತದೆ.

ಇಲ್ಲಿರುವುದು ಬ್ರೂಕ್ ಟ್ರೌಟ್. 1970ರಿಂದ ಇದು ರಾಜ್ಯದ ಮೀನು, ನಿಜವಾಗಿ ಇಲ್ಲಿನದೇ ಮೀನು. ಬೆಳಗ್ಗೆ ಹಿಡಿದ ಬ್ರೌನ್ ಟ್ರೌಟ್ ಜರ್ಮನಿಯದು. 1883ರಲ್ಲಿ ಅದರ ಮೊಟ್ಟೆಗಳನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ತಂದರು. ಅದು ಬಿಸಿಯನ್ನೂ ಕೊಳೆಯನ್ನೂ ಒಂಚೂರು ಜಾಸ್ತಿ ತಡೆದುಕೊಳ್ಳುತ್ತದೆ, ಮೈಯಲ್ಲೂ ದೊಡ್ಡದು. ಕಣಿವೆಯ ಹೊಳೆಗಳನ್ನು ಅದು ಹಿಡಿದುಕೊಂಡಿತು, ಬ್ರೂಕ್ ಟ್ರೌಟ್ ಬೆಟ್ಟಕ್ಕೆ ಸರಿಯಿತು. ಟ್ರೌಟನ್ನು ಊರೂರಿಗೆ ಸಾಗಿಸುವ ಹುಚ್ಚು ಆ ಕಾಲದಲ್ಲಿ ಎಲ್ಲ ಕಡೆಯೂ ಇತ್ತು. 1900ರಲ್ಲಿ ಕಾಶ್ಮೀರಕ್ಕೆ ಹೋಯಿತು. ಆಮೇಲೆ ಕೆಲವೇ ವರ್ಷಗಳಲ್ಲಿ ನೀಲಗಿರಿಯ ಅವಲಾಂಚ್‌ನಲ್ಲಿ ಮರಿ ಮಾಡಿಸುವ ಕೇಂದ್ರ ಶುರುವಾಯಿತು. ಊಟಿಗೆ ಹೋಗಿ ಗಾರ್ಡನ್ ನೋಡಿ ಬರುವ ನಮಗೆ ಅದರ ಸುದ್ದಿ ಗೊತ್ತಿರುವುದು ಕಡಿಮೆ.

ಹುಡುಗನೇ ಮೊದಲನೆಯದನ್ನು ಹಿಡಿದ. ಬೀಸಿ ಒಗೆಯಲು ಜಾಗವಿಲ್ಲ, ಪೊದೆಯ ಸಂದಿಯಿಂದ ಕೋಲು ಚಾಚಿ ಸುಳ್ಳು ಇರುವೆಯೊಂದನ್ನು ಬಂಡೆಯ ಹಿಂದಿನ ಗುಂಡಿಗೆ ಇಳಿಸಿದ, ಊರಿನಲ್ಲಿ ಮಾಡುತ್ತಿದ್ದ ಹಾಗೇ. ತಟ್ಟನೆ ಬಂತು. ಗೇಣುದ್ದವೂ ಇಲ್ಲ, ಅದಕ್ಕೇ ಇಲ್ಲಿ ಬಲಿತ ಮೀನು ಅನ್ನುತ್ತಾರೆ. ಮರಳುಗಲ್ಲಿನ ನೀರಿನಲ್ಲಿ ತಿನ್ನೋಕೆ ಜಾಸ್ತಿ ಏನೂ ಸಿಗುವುದಿಲ್ಲ. ಅಂಗೈಯಲ್ಲಿ ನೀರು ತುಂಬಿ ಅದರಲ್ಲೇ ಹಿಡಿದು ನೋಡಿದೆವು. ಬೆನ್ನಿನ ಮೇಲೆ ಕಡುಹಸಿರು, ಅದರಲ್ಲಿ ಹುಳ ಹರಿದಾಡಿದ ಹಾಗೆ ತಿಳಿ ಗೆರೆಗಳು. ಪಕ್ಕೆಯಲ್ಲಿ ಕೆಂಪು ಚುಕ್ಕಿ, ಪ್ರತಿ ಚುಕ್ಕಿಯ ಸುತ್ತ ನೀಲಿ ಬಳೆ. ಹೊಟ್ಟೆಯ ಕಡೆಯ ರೆಕ್ಕೆಗಳು ಕಿತ್ತಳೆ, ಅಂಚಿಗೆ ಕಪ್ಪು, ಅದರಾಚೆ ಸುಣ್ಣ ಹೊಡೆದಂಥ ಬಿಳಿ. ಹುಡುಗ ಫೋಟೋ ತೆಗೆಯಲಿಲ್ಲ. ಎರಡೂ ಕೈ ಮೀನಿನ ಕೆಳಗಿದ್ದವು.

ವಾಪಸ್ ಇಳಿಯುವಾಗ ಅವನು ಕಾವೇರಿ ದಡದ ಮುತ್ತತ್ತಿಯ ಮಾತು ತೆಗೆದ. "ನಮ್ ತಾತ ಬಿಳಿಮೀನು ಆಳುದ್ದ ಇರ್ತಿತ್ತು ಅಂತಿದ್ರು. ನಾ ನಂಬ್ತಿರ್ಲಿಲ್ಲ." ಬಿಳಿಮೀನು ಅಂದರೆ ಮಹಶೀರ್. ತಾತ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಕಮ್ಮಿಯೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಗಾಳಕ್ಕೆ ಎತ್ತಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಬೆನ್ನಿನ ಮೇಲೆ ಡುಬ್ಬ ಇರುವ ಆ ಮೀನು ಕಾವೇರಿಯ ಬಯಲು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಇಷ್ಟು ದೊಡ್ಡ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿಸಿದರು.

ಅವನಿಗೆ ಗೊತ್ತಿರದ ಇನ್ನೊಂದು ಸಂಗತಿ ಹೇಳಿದೆ. ಕಾವೇರಿ ದಡದ ಗಾಲಿಬೋರೆಯಲ್ಲಿ ಹಿಡಿದು ಬಿಡುವ ಕ್ಯಾಂಪ್ ನಡೆಯುತ್ತಿದ್ದಾಗ ಅಲ್ಲಿ ಯಾರಿಗೆ ಎಂಥ ಮೀನು ಸಿಕ್ಕಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕ ತೆಗೆದು ನೋಡಿದ ಮೇಲೆಯೇ ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗಿದ್ದು ಸ್ಪಷ್ಟವಾಯಿತು. ಅದೇ ಅವಧಿಯಲ್ಲಿ ಮಹಾರಾಷ್ಟ್ರದ ಕಡೆಯಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಜಾಸ್ತಿಯಾಗಿತ್ತು. ಮಹಶೀರ್ ಉಳಿಸಬೇಕು ಅಂತಲೇ ಒಳ್ಳೆ ಮನಸ್ಸಿನಿಂದ ತಂದು ಬಿಟ್ಟದ್ದು. ಬ್ರೌನ್ ಟ್ರೌಟ್ ಬಂದು ಬ್ರೂಕ್ ಟ್ರೌಟ್ ಬೆಟ್ಟ ಹತ್ತಿದ ಕಥೆ ಕೇಳಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಕಾವೇರಿ ವನ್ಯಜೀವಿ ಧಾಮದಲ್ಲಿ ಗಾಳದ ಆಟ ನಿಂತು ದಶಕ ದಾಟಿದೆ. ನಿಲ್ಲಿಸಿದ್ದು ಸರಿಯೋ ತಪ್ಪೋ ಅಂತ ವಾದ ಈಗಲೂ ನಡೆಯುತ್ತದೆ. ಗಾಳದವರು ನಿಂತ ಮೇಲೆ ದಡದಲ್ಲಿ ಕಾವಲಿನ ಕಣ್ಣು ಕಮ್ಮಿಯಾಯಿತು ಅನ್ನುವವರ ಕಡೆ ನಾನು ಅರ್ಧ ಮನಸ್ಸಿನಿಂದ ವಾಲುತ್ತೇನೆ. ಆಟ ಆಡುವವರಿಗೆ ಆಟದ ಪರ ಮಾತಾಡೋದು ಸುಲಭ, ಅದಕ್ಕೇ ಅರ್ಧ.

ಕಾರಿನ ಹತ್ತಿರ ಬರುವಾಗ ಗುಡುಗು ಶುರುವಾಗಿತ್ತು. ಊರು ಮುಟ್ಟುವಷ್ಟರಲ್ಲಿ ಜೋರು ಮಳೆ. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೇ ಕೂತು ಕಾದೆವು. ದಿನವಿಡೀ ಕಾದಿದ್ದ ಡಾಂಬರಿನಿಂದ ಹಬೆ ಏಳುತ್ತಿತ್ತು. ಆ ಬಿಸಿನೀರು ಚರಂಡಿಗೆ, ಚರಂಡಿಯಿಂದ ಸೀದಾ ಸ್ಪ್ರಿಂಗ್ ಕ್ರೀಕ್‌ಗೆ. ಬೇಸಿಗೆಯಲ್ಲಿ ಇಂಥ ಒಂದು ಮಳೆಗೆ ಹೊಳೆಯ ಬಿಸಿ ಸ್ವಲ್ಪ ಹೊತ್ತಿನಲ್ಲೇ ಕೆಲವು ಡಿಗ್ರಿ ಹಾರಬಲ್ಲದು. ಮಳೆ ಬಂದರೆ ಹೊಳೆ ತಣ್ಣಗಾಗುತ್ತದೆ ಅಂತ ಬೆಳೆದವರಿಗೆ ಇದನ್ನು ಅರಗಿಸಿಕೊಳ್ಳೋದು ಕಷ್ಟ. ಸಂಜೆಗೆ ಮತ್ತೆ ಹೊಳೆಗೆ ಹೋಗುವ ಯೋಚನೆ ಇತ್ತು, ಬೇಡ ಅಂದೆ.

ಹುಡುಗನಿಗೆ ಅದು ಬೇಜಾರಾದ ಹಾಗೆ ಕಾಣಲಿಲ್ಲ. ಅವನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. "ಹಂಗಾದ್ರೆ ಬಿಸಿನೀರಲ್ಲಿ ಆರಾಮಾಗಿರೋ ಮೀನು ಯಾವ್ದೂ ಇಲ್ವಾ ಅಣ್ಣ? ಹಿಡ್ಕೊಂಡು ಬರಂಗಿರೋದು?"

ಇದೆ. ಬಾಲ್ಡ್ ಈಗಲ್ ಪಾರ್ಕಿನ ಸೇಯರ್ಸ್ ಜಲಾಶಯದಲ್ಲಿ ಬ್ಲೂಗಿಲ್ ಇದೆ. ಅಂಗೈ ಅಗಲದ ಮೀನು, ಎರೆಹುಳಕ್ಕೇ ಬೀಳುತ್ತದೆ, ಮನೆಗೆ ತರಬಹುದು. ಮುಳ್ಳು ಜಾಸ್ತಿ, ಆದರೆ ರುಚಿ ಚೆನ್ನಾಗಿದೆ. ಶನಿವಾರ ಹೋಗೋಣ ಅಂದೆ. ರವೆ ಹಾಕಿ ಹುರಿಯೋದೋ ಸಾರು ಮಾಡೋದೋ ಅಂತ ಅಲ್ಲೇ ಚರ್ಚೆ ಶುರುವಾಯಿತು. ನನ್ನ ಹತ್ತಿರ ಊರಿಂದ ತಂದ ವಾಟೆಪುಡಿ ಇದೆ, ಸಾರಿಗೆ ಅದೇ ಆಗಬೇಕು ಅಂದೆ. ಅವನು ಒಪ್ಪಲಿಲ್ಲ. ಮಂಡ್ಯ ಕಡೆ ಮೀನಿಗೆ ಹುಣಸೆಹಣ್ಣೇ ಆಗಬೇಕಂತೆ. ಮಳೆ ನಿಲ್ಲುವ ಮೊದಲೇ ಫೋನ್ ತೆಗೆದು ಅವರಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸಿದ, ಒಂದು ಕೆಜಿ ಮೀನಿಗೆ ಎಷ್ಟು ಹುಣಸೆ ಹಾಕೋದು ಅಂತ.